ಗಾಮೇ ದ್ರಾಕ್ಷಿ, ಓಕ್ ಪೀಪಾಯಿ ಮತ್ತು ಹೊಸ ವೈನರಿಯ ಲೆಕ್ಕಾಚಾರ

ಫ್ರಾನ್ಸಿನ ಪೂರ್ವ ಭಾಗದಲ್ಲಿ, ದಕ್ಷಿಣದ ಲಿಯಾನ್ ನಗರದಿಂದ ಉತ್ತರದ ಮಾಕೋನ್ ಪಟ್ಟಣದವರೆಗೆ ಸುಮಾರು 55 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಬೋಜೊಲೆ ಎಂಬ ಗುಡ್ಡಗಾಡು ಸೀಮೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಬಳ್ಳಿಗಳು ಗಾಮೇ ಎಂಬ ಒಂದೇ ತಳಿಗೆ ಸೇರಿದವು. ಈ ತಳಿಯ ಕಪ್ಪು ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನ್ ಬೇಗ ಸಿದ್ಧವಾಗಿ, ಬೇಗ ಮಾರಾಟವಾಗಿ, ಬೇಗ ಕುಡಿದು ಮುಗಿಯುವ ಹಗುರವಾದ ಪಾನೀಯವೆಂದೇ ಬಹುಕಾಲದಿಂದ ಹೆಸರಾಗಿದೆ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಹದಗೊಳಿಸುವ ಮರ್ಯಾದೆಯೆಲ್ಲ ನೆರೆಯ ಬರ್ಗಂಡಿಯ ಪಿನೋ ನ್ವಾರ್ ಅಥವಾ ದೂರದ ಬೋರ್ಡೋದ ಕ್ಯಾಬರ್ನೆ ತಳಿಗೆ ಸಲ್ಲತಕ್ಕದ್ದೆಂಬ ಭಾವನೆ ವ್ಯಾಪಾರಿಗಳಲ್ಲೂ ಗ್ರಾಹಕರಲ್ಲೂ ಬೇರೂರಿದೆ. ಕಳೆದ ಎರಡು-ಮೂರು ದಶಕಗಳಲ್ಲಿ ಈ ಸೀಮೆಯಲ್ಲಿ ಹೊಸದಾಗಿ ತಲೆಯೆತ್ತಿದ ಸಣ್ಣ ವೈನರಿಗಳಲ್ಲಿ ಹಲವು ಈ ಭಾವನೆಯನ್ನು ಒಪ್ಪದೆ ಗಾಮೇ ವೈನನ್ನು ಪೀಪಾಯಿಗೆ ಇಳಿಸಿ ಕಾಯುತ್ತಿವೆ. ಕಾಯುವುದರ ಖರ್ಚು ದೊಡ್ಡದು, ಅದರ ಫಲ ಸೂಕ್ಷ್ಮವಾದದ್ದು; ಇವೆರಡರ ನಡುವೆ ಇಂಥ ವೈನರಿಗಳು ಹೇಗೆ ಬದುಕುತ್ತವೆಂಬುದನ್ನು ತಿಳಿಯಲು ದ್ರಾಕ್ಷಿಯ ಚರಿತ್ರೆಯಿಂದಲೇ ತೊಡಗಬೇಕಾಗುತ್ತದೆ.

ಗಾಮೇ ಎಂಬುದು ಬರ್ಗಂಡಿಯ ಬೋನ್ ಪಟ್ಟಣಕ್ಕೆ ಸಮೀಪದ ಒಂದು ಪುಟ್ಟ ಹಳ್ಳಿಯ ಹೆಸರು. 1395ರ ಜುಲೈ ಕೊನೆಯಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಚರಿತ್ರೆಯಲ್ಲಿ 'ಧೀರ ಫಿಲಿಪ್' ಎಂದು ಕರೆಸಿಕೊಂಡವನು, ತನ್ನ ಸೀಮೆಯಿಂದ ಗಾಮೇ ಬಳ್ಳಿಯನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿ, ಅದನ್ನು ಕೆಟ್ಟದ್ದೆಂದೂ ನಂಬಿಕೆಗೆ ಅರ್ಹವಲ್ಲದ್ದೆಂದೂ ಜರೆದನು. ಆಜ್ಞೆಯ ಹಿಂದೆ ರುಚಿಯ ಕಾಳಜಿಯಷ್ಟೇ ವ್ಯಾಪಾರದ ಕಾಳಜಿಯೂ ಇದ್ದಿತು: ಪಿನೋ ನ್ವಾರ್ ತಳಿಗಿಂತ ಗಾಮೇ ಬೇಗ ಮಾಗುತ್ತಿತ್ತು, ಹೆಚ್ಚು ಇಳುವರಿ ಕೊಡುತ್ತಿತ್ತು, ಬೇಸಾಯವೂ ಸುಲಭವಾಗಿತ್ತು, ಹಾಗಾಗಿ ರೈತನಿಗೆ ಒಲಿದದ್ದು ಗಾಮೇ, ದೂರದ ಮಾರುಕಟ್ಟೆಯಲ್ಲಿ ಬರ್ಗಂಡಿಯ ಹೆಸರು ಉಳಿಸಬೇಕಾಗಿದ್ದ ಪ್ರಭುವಿಗೆ ಬೇಕಾದದ್ದು ಪಿನೋ. ಅರವತ್ತು ವರ್ಷಗಳ ಬಳಿಕ ಅವನ ಮೊಮ್ಮಗನೂ ನಿಷೇಧವನ್ನು ಮತ್ತೆ ಸಾರಬೇಕಾಗಿ ಬಂದುದನ್ನು ನೋಡಿದರೆ ಮೊದಲ ಆಜ್ಞೆಯನ್ನು ರೈತರು ಎಷ್ಟರಮಟ್ಟಿಗೆ ಪಾಲಿಸಿದ್ದರೆಂದು ಊಹಿಸಬಹುದು. ಕಾಲಾಂತರದಲ್ಲಿ ಬರ್ಗಂಡಿಯ ಸುಣ್ಣಕಲ್ಲಿನ ಇಳಿಜಾರುಗಳಿಂದ ಬಹುಮಟ್ಟಿಗೆ ಹೊರಬಿದ್ದ ಗಾಮೇಗೆ ದಕ್ಷಿಣದ ಬೋಜೊಲೆಯ ಗ್ರಾನೈಟ್ ನೆಲ ನೆಲೆಯಾಯಿತು. ದಂಡನೆಯಂತೆ ಕಾಣುವ ಈ ವಲಸೆಯಿಂದ ತಳಿಗೆ ಒಳ್ಳೆಯದೇ ಆಯಿತೆನ್ನಬೇಕು, ಏಕೆಂದರೆ ಫಲವತ್ತಾದ ಮಣ್ಣಿನಲ್ಲಿ ಮಿತಿಮೀರಿ ಕಾಯಿ ಬಿಡುವ ಈ ಬಳ್ಳಿ, ನೀರು ನಿಲ್ಲದ ಬಡ ಗ್ರಾನೈಟ್ ಮಣ್ಣಿನಲ್ಲಿ ತಾನಾಗಿಯೇ ಹತೋಟಿಗೆ ಬರುತ್ತದೆ.

ಡ್ಯೂಕನ ತಿರಸ್ಕಾರಕ್ಕೆ ವಿಜ್ಞಾನ ಆರುನೂರು ವರ್ಷಗಳ ನಂತರ ಒಂದು ವಿನೋದದ ಉತ್ತರ ಕೊಟ್ಟಿದೆ. 1999ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಗಾಮೇಯನ್ನು ಪಿನೋ ಮತ್ತು ಗುಎ ಬ್ಲಾಂ ಎಂಬ ಎರಡು ತಳಿಗಳ ಸಹಜ ಮಿಶ್ರಣದಿಂದ ಹುಟ್ಟಿದ ಸಂತಾನವೆಂದು ತೋರಿಸಿತು. ಗುಎ ಬ್ಲಾಂ ಮಧ್ಯಯುಗದ ರೈತಾಪಿ ಜನರು ಬೆಳೆಯುತ್ತಿದ್ದ, ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ಬಿಳಿ ದ್ರಾಕ್ಷಿ. ಜಗತ್ತಿನಾದ್ಯಂತ ಹೆಸರಾದ ಶಾರ್ಡನೆ ತಳಿಯೂ ಇದೇ ತಂದೆತಾಯಿಯರ ಮತ್ತೊಂದು ಮಗು. ಅಂದರೆ ಪಿನೋವಿನ ಗೌರವ ಕಾಪಾಡಲು ಹೊರಗಟ್ಟಿದ್ದು ಪಿನೋವಿನದೇ ಕುಡಿಯನ್ನು. ಚೆನ್ನಾಗಿ ಮಾಡಿದ ಬೋಜೊಲೆ ವೈನ್ ಬಾಟಲಿಯಲ್ಲಿ ಹತ್ತು ವರ್ಷ ಕಳೆದ ಮೇಲೆ 'ಪಿನೋ ಆಗುತ್ತದೆ' ಎಂದು ಅಲ್ಲಿಯವರು ವಾಡಿಕೆಯಾಗಿ ಹೇಳುವ ಮಾತು, ಈ ವಂಶವೃಕ್ಷ ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ ಚಾಲ್ತಿಯಲ್ಲಿತ್ತು.

ಗಾಮೇಯ ಪೂರ್ಣ ಹೆಸರಿನ ಅರ್ಥ 'ಬಿಳಿ ರಸದ ಕಪ್ಪು ಗಾಮೇ' ಎಂದು. ತಿರುಳು ಬಣ್ಣವಿಲ್ಲದ್ದು, ಬಣ್ಣವೆಲ್ಲ ಸಿಪ್ಪೆಯಲ್ಲಿ. ಹುಳಿ ಧಾರಾಳವಾಗಿಯೂ, ಬಾಯಿಗೆ ಒಗರು ತರುವ ಟ್ಯಾನಿನ್ ಅಂಶ ಕಡಿಮೆಯಾಗಿಯೂ ಇರುವುದು ಈ ಹಣ್ಣಿನ ಸ್ವಭಾವವಾಗಿದ್ದು, ಅದನ್ನು ವೈನಾಗಿಸುವ ಬೋಜೊಲೆ ಪದ್ಧತಿ ಈ ಸ್ವಭಾವಕ್ಕೆ ತಕ್ಕಂತೆ ರೂಪುಗೊಂಡಿದೆ. ಸಾಮಾನ್ಯ ಕ್ರಮದಲ್ಲಿ ದ್ರಾಕ್ಷಿಯನ್ನು ತೊಟ್ಟಿನಿಂದ ಬಿಡಿಸಿ, ಒಡೆದು, ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವಂತೆ ಹುಳಿಯಲು ಬಿಡಲಾಗುತ್ತದೆ. ಬೋಜೊಲೆಯಲ್ಲಾದರೋ ಕೈಯಿಂದ ಕೊಯ್ದ ಗೊಂಚಲುಗಳನ್ನು ಇಡಿಯಾಗಿಯೇ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣುಗಳು ಮೇಲಿನ ಭಾರಕ್ಕೆ ಒಡೆದು ಹುಳಿಯತೊಡಗಿದಾಗ ಹೊರಡುವ ಕಾರ್ಬನ್ ಡೈಆಕ್ಸೈಡ್ ಅನಿಲ ತೊಟ್ಟಿಯನ್ನೆಲ್ಲ ಆವರಿಸಿ, ಮೇಲಿನ ಇಡಿ ಹಣ್ಣುಗಳಿಗೆ ಗಾಳಿ ಸಿಗದಂತೆ ಮಾಡುತ್ತದೆ. ಆಮ್ಲಜನಕ ಇಲ್ಲದಾದಾಗ ಹಣ್ಣಿನ ಜೀವಕೋಶಗಳೊಳಗಿನ ಕಿಣ್ವಗಳೇ ಯೀಸ್ಟಿನ ನೆರವಿಲ್ಲದೆ ಸಕ್ಕರೆಯ ಒಂದಂಶವನ್ನು ಮದ್ಯಸಾರವಾಗಿಸುತ್ತವೆ, ಶೇಕಡಾ 2ರ ಆಸುಪಾಸಿಗೆ ಅದು ನಿಲ್ಲುತ್ತದೆ, ಜತೆಗೆ ಮ್ಯಾಲಿಕ್ ಆಮ್ಲ ಎಂಬ ತೀಕ್ಷ್ಣ ಹುಳಿ ಇಳಿಯುತ್ತದೆ, ಹೂವು-ಹಣ್ಣುಗಳ ಪರಿಮಳ ಹುಟ್ಟುತ್ತದೆ. ಫ್ರಾನ್ಸಿನ ವಿಜ್ಞಾನಿ ಮಿಶೆಲ್ ಫ್ಲಾಂಜಿ 1930ರ ದಶಕದಲ್ಲಿ ಅಧ್ಯಯನ ಮಾಡಿ ವಿವರಿಸಿದ ಈ ಕ್ರಿಯೆಯಿಂದ ಬಣ್ಣ ಚೆಲುವಾಗಿ, ಒಗರು ಸೌಮ್ಯವಾಗಿ, ಕೆಲವೇ ವಾರಗಳಲ್ಲಿ ಕುಡಿಯಲು ಯೋಗ್ಯವಾದ ವೈನ್ ಸಿಗುತ್ತದೆ.

'ಕೆಲವೇ ವಾರ' ಎಂಬ ಈ ಅನುಕೂಲವೇ ಬೋಜೊಲೆಯ ಕೀರ್ತಿಗೂ ಅಪಕೀರ್ತಿಗೂ ಕಾರಣವಾಯಿತು. ಸುಗ್ಗಿಯ ವರ್ಷದ ನವೆಂಬರಿನಲ್ಲೇ ಹೊಸ ವೈನನ್ನು ಮಾರಲು 1951ರಲ್ಲಿ ಅಧಿಕೃತ ಅವಕಾಶ ದೊರೆತು, 1985ರಿಂದ ನವೆಂಬರ್ ತಿಂಗಳ ಮೂರನೆಯ ಗುರುವಾರ ಎಂದು ಬಿಡುಗಡೆಯ ದಿನ ಗೊತ್ತಾಯಿತು. ಜಾರ್ಜ್ ದುಬಫ್ ಎಂಬ ವ್ಯಾಪಾರಿಯ ಚಾತುರ್ಯದಿಂದ ಆ ದಿನ ಟೋಕಿಯೋದಿಂದ ನ್ಯೂಯಾರ್ಕಿನವರೆಗೆ ಹಬ್ಬದಂತೆ ನಡೆಯತೊಡಗಿ, ಬೇಡಿಕೆ ಉತ್ತುಂಗದಲ್ಲಿದ್ದಾಗ ಸೀಮೆಯ ಉತ್ಪಾದನೆಯಲ್ಲಿ ಅರ್ಧದಷ್ಟು 'ನೂವೊ', ಎಂದರೆ ಹೊಸ ವೈನ್, ಎಂಬ ಹೆಸರಿನಲ್ಲೇ ಹೋಗುತ್ತಿತ್ತು. ರೈತನ ಕೈಗೆ ಎರಡೇ ತಿಂಗಳಲ್ಲಿ ಹಣ ಬರುವ ವ್ಯವಸ್ಥೆಯನ್ನು ಯಾರೂ ದೂರುವಂತಿಲ್ಲ. ಆದರೆ ಬಾಳೆಹಣ್ಣಿನ ವಾಸನೆಯ ಅಗ್ಗದ ವೈನೇ ಗಾಮೇಯ ಕೊನೆಯ ಮಾತೆಂದು ಜಗತ್ತು ನಂಬಿಬಿಟ್ಟಿತು, ಆ ಬಾಳೆಹಣ್ಣಿನ ವಾಸನೆಯಲ್ಲಿ ಬಹುಪಾಲು ಹೊರಗಿನಿಂದ ಸೇರಿಸಿದ ವಿಶಿಷ್ಟ ಯೀಸ್ಟಿನ ಕೊಡುಗೆಯಾಗಿದ್ದರೂ ಹೊರೆ ಬಿದ್ದದ್ದು ದ್ರಾಕ್ಷಿಯ ತಲೆಯ ಮೇಲೆ. ನೂವೊ ಅಲೆ ತಗ್ಗಿದಾಗ ಹೊಲಗಳ ಬೆಲೆಯೂ ತಗ್ಗಿತು. ಪಕ್ಕದ ಬರ್ಗಂಡಿಯಲ್ಲಿ ಅಂಗೈಯಗಲ ನೆಲ ಕೊಳ್ಳಲಾಗದ ತರುಣರಿಗೆ ಬೋಜೊಲೆಯಲ್ಲಿ ಹಳೆಯ ಬಳ್ಳಿಗಳಿರುವ ಒಳ್ಳೆಯ ತೋಟ ಎಟುಕುವಂತಾಯಿತು. ಹೊಸ ವೈನರಿಗಳ ಹುಟ್ಟಿಗೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ಸೀಮೆಯ ಉತ್ತರ ಭಾಗದಲ್ಲಿ 'ಕ್ರು' ಎಂದು ಕರೆಯುವ, ಕಾನೂನಿನ ಮಾನ್ಯತೆ ಪಡೆದ ಹತ್ತು ವಿಶೇಷ ವಲಯಗಳಿದ್ದು ಅವುಗಳ ವೈನನ್ನು ಸೀಮೆಯ ಹೆಸರಿಗಿಂತ ವಲಯದ ಹೆಸರಿನಿಂದಲೇ ಮಾರುತ್ತಾರೆ. ಮೊರ್ಗೋನ್ ವಲಯದ ಕೋತ್ ದ್ಯು ಪೀ ಗುಡ್ಡದಲ್ಲಿ ಜನ 'ನೀಲಿ ಕಲ್ಲು' ಎನ್ನುವ ಪುರಾತನ ಅಗ್ನಿಶಿಲೆಯ ನೆಲವಿದೆ. ಹಳೆಯ ಗಾಳಿಗಿರಣಿಯೊಂದರಿಂದ ಹೆಸರು ಪಡೆದ ಮುಲಾನ್-ಆ-ವಾನ್ ವಲಯದ ಗುಲಾಬಿ ಗ್ರಾನೈಟ್ ನೆಲದಲ್ಲಿ ಮ್ಯಾಂಗನೀಸ್ ಬೆರೆತಿದೆ. ಇಂಥ ಕಡೆಗಳ ಗಾಮೇಗೆ ಕಾಯುವ ಶಕ್ತಿ ಇದೆಯೆಂದು ಹಳಬರಿಗೆ ಗೊತ್ತಿದ್ದರೂ ಅದನ್ನು ಮತ್ತೆ ತೋರಿಸಿಕೊಟ್ಟವರು ಎರಡು ಬೇರೆ ಬೇರೆ ದಿಕ್ಕಿನವರು. ವ್ಯಾಪಾರಿಯೂ ರಸಾಯನಶಾಸ್ತ್ರಜ್ಞನೂ ಆಗಿದ್ದ ಜೂಲ್ ಶೋವೆಯ ಚಿಂತನೆಯನ್ನು ಅನುಸರಿಸಿ ಮಾರ್ಸೆಲ್ ಲಾಪಿಯೆರ್ ಮತ್ತು ಅವನ ಮೂವರು ಗೆಳೆಯರು ಮೊರ್ಗೋನಿನಲ್ಲಿ ರಾಸಾಯನಿಕ ಸಿಂಪಡಣೆಯಿಲ್ಲದ ಬೇಸಾಯ, ಇಡಿ ಗೊಂಚಲು, ಹಣ್ಣಿನ ಮೇಲೇ ಇರುವ ಯೀಸ್ಟ್ ಮತ್ತು ಬಳಸಿ ಹಳತಾದ ಪೀಪಾಯಿ ಎಂಬ ಹಾದಿ ಹಿಡಿದರು. 1996ರಲ್ಲಿ ಮುಲಾನ್-ಆ-ವಾನ್‌ನ ಶಾತೊ ದೆ ಜಾಕ್ ಎಂಬ ತೋಟವನ್ನು ಕೊಂಡ ಬರ್ಗಂಡಿಯ ಲೂಯಿ ಜಾದೊ ಸಂಸ್ಥೆಯಾದರೋ ತೊಟ್ಟು ಬಿಡಿಸಿ, ಸಿಪ್ಪೆಯೊಡನೆ ಹೆಚ್ಚು ದಿನ ನೆನೆಸಿ, ಓಕ್ ಪೀಪಾಯಿಯಲ್ಲಿ ಬೆಳೆಸುವ ಬರ್ಗಂಡಿ ಕ್ರಮವನ್ನೇ ಗಾಮೇಗೂ ಅನ್ವಯಿಸಿತು. ಇಂದಿನ ಹೊಸಬರು ಈ ಎರಡು ಹಾದಿಗಳಿಂದಲೂ ತಮಗೆ ಬೇಕಾದಷ್ಟನ್ನು ಆರಿಸಿಕೊಂಡಿದ್ದಾರೆ.

ಪೀಪಾಯಿ ಎಂಬ ವಸ್ತುವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಫ್ರಾನ್ಸಿನ ನಡುನಾಡಿನ ತ್ರೋನ್ಸೆ ಕಾಡಿನಂತಹ ಓಕ್ ಅರಣ್ಯಗಳು, ಹದಿನೇಳನೆಯ ಶತಮಾನದಲ್ಲಿ ನೌಕಾಪಡೆಯ ಹಡಗುಗಳಿಗೆ ಮರ ಬೇಕೆಂದು ಮಂತ್ರಿ ಕೋಲ್ಬೇರ್ ಕೈಗೊಂಡ ಅರಣ್ಯ ಸುಧಾರಣೆಯ ಫಲ. ಹಡಗುಗಳು ಕಬ್ಬಿಣದವಾದ ಮೇಲೆ ಮರ ಪೀಪಾಯಿ ಕೆಲಸದವರ ಪಾಲಾಯಿತು. ನೂರೈವತ್ತು ವರ್ಷಕ್ಕೂ ಮೀರಿ ನಿಧಾನವಾಗಿ ಬೆಳೆದ ಮರದ ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ ನಾರಿನ ಜಾಡು ಹಿಡಿದು ಸೀಳುತ್ತಾರೆ, ಏಕೆಂದರೆ ನಾರು ಅಡ್ಡ ತುಂಡಾದರೆ ಹಲಗೆಯ ಮೂಲಕ ವೈನ್ ಒಸರುತ್ತದೆ. ಹೀಗೆ ಸೀಳುವಾಗ ದಿಮ್ಮಿಯ ಬಹುಪಾಲು ಪೀಪಾಯಿಗೆ ಒದಗದೆ ಹೋಗುತ್ತದೆ. ಸೀಳಿದ ಹಲಗೆಗಳನ್ನು ಬಯಲಿನಲ್ಲಿ ಎರಡು-ಮೂರು ವರ್ಷ ಮಳೆ-ಬಿಸಿಲಿಗೆ ಒಡ್ಡಿದಾಗ ಮರದ ಕಹಿ ತೊಳೆದುಹೋಗುತ್ತದೆ. ಆ ಬಳಿಕ ಹಲಗೆಗಳನ್ನು ಕಬ್ಬಿಣದ ಬಳೆಯೊಳಗೆ ನಿಲ್ಲಿಸಿ, ನಡುವೆ ಬೆಂಕಿ ಹಾಕಿ, ನೀರು ಚಿಮುಕಿಸುತ್ತ ಬಾಗಿಸಿ, ಒಳಮೈಯನ್ನು ಹದವಾಗಿ ಸುಡುತ್ತಾರೆ. ಅಂಟನ್ನಾಗಲಿ ಮೊಳೆಯನ್ನಾಗಲಿ ಹಲಗೆಗಳ ನಡುವೆ ಬಳಸುವುದಿಲ್ಲ. ಮುಚ್ಚಳದ ಹಲಗೆ ಕೂರುವ ತೋಡಿಗೆ ಹಿಟ್ಟು ಮತ್ತು ನೀರು ಕಲಸಿದ ಕಣಕವನ್ನು ಮೆತ್ತಿದರೆ ಸಾಕು, ತುಂಬಿದ ದ್ರವದಿಂದ ಮರ ಉಬ್ಬಿ ಉಳಿದ ಸಂದುಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬರ್ಗಂಡಿ ಮಾದರಿಯ ಪೀಪಾಯಿ 228 ಲೀಟರ್ ಹಿಡಿಯುತ್ತದೆ, ಎಂದರೆ ಮುಕ್ಕಾಲು ಲೀಟರಿನ ಸುಮಾರು 300 ಬಾಟಲಿ.

ಇಂಥ ಪೀಪಾಯಿ ವೈನಿಗೆ ಎರಡು ಬಗೆಯ ಉಪಕಾರ ಮಾಡುತ್ತದೆ, ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅದರ ಬಗೆಗಿನ ಗೊಂದಲಗಳು ಹುಟ್ಟುತ್ತವೆ. ಮೊದಲನೆಯದು ಮರದಿಂದ ನೇರವಾಗಿ ಇಳಿಯುವ ಪದಾರ್ಥಗಳು: ಸುಟ್ಟ ಒಳಮೈಯಿಂದ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್, ಲವಂಗದ ವಾಸನೆಯ ಯೂಜಿನಾಲ್, ಹೊಗೆಯ ವಾಸನೆಯ ಗ್ವಾಯಕಾಲ್, ತೆಂಗಿನ ನೆನಪು ತರುವ ಲ್ಯಾಕ್ಟೋನ್‌ಗಳು, ಜತೆಗೆ ಮರದ್ದೇ ಒಗರು. ಎರಡನೆಯದು ಗಾಳಿ. ಹಲಗೆಗಳ ಸಂದಿನಿಂದಲೂ ಮರದ ಸೂಕ್ಷ್ಮ ರಂಧ್ರಗಳಿಂದಲೂ ಅತ್ಯಲ್ಪ ಪ್ರಮಾಣದ ಆಮ್ಲಜನಕ ತಿಂಗಳುಗಟ್ಟಲೆ ಒಳಸೇರುತ್ತ, ಸಿಪ್ಪೆಯಿಂದ ಬಂದ ಆಂಥೋಸಯನಿನ್ ಎಂಬ ಬಣ್ಣದ ಕಣಗಳನ್ನು ಟ್ಯಾನಿನ್‌ಗಳೊಡನೆ ಬೆಸೆಯಲು ನೆರವಾಗುತ್ತದೆ. ಬೆಸೆದ ಬಣ್ಣ ಬೇಗ ಮಾಸುವುದಿಲ್ಲ, ಬೆಸೆದ ಒಗರು ನಾಲಗೆಯನ್ನು ಕೆರೆಯುವುದಿಲ್ಲ. ಇದೇ ಅವಧಿಯಲ್ಲಿ ಬ್ಯಾಕ್ಟೀರಿಯಾಗಳು ಉಳಿದ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಿ ಹುಳಿಯನ್ನು ಮೃದುಗೊಳಿಸುತ್ತವೆ, ಕದಡಿದ ಯೀಸ್ಟಿನ ಗಸಿ ತಳಕ್ಕೆ ಕೂರುತ್ತದೆ.

ಗಾಮೇಗೆ ಬೇಕಾದದ್ದು ಎರಡನೆಯ ಉಪಕಾರ, ಮೊದಲನೆಯದು ಬಹುಮಟ್ಟಿಗೆ ಅಪಾಯ. ದಪ್ಪ ಸಿಪ್ಪೆಯ, ಗಾಢ ಒಗರಿನ ಕ್ಯಾಬರ್ನೆ ಹೊಸ ಮರದ ಪರಿಮಳವನ್ನು ಹೊತ್ತು ನಿಲ್ಲಬಲ್ಲದು. ಕೆಂಪು ಚೆರ್ರಿ, ರಾಸ್‌ಬೆರಿ, ಹೂವಿನ ಸುಳಿವುಗಳಿಂದ ಕೂಡಿದ ಗಾಮೇಯ ತೆಳು ಮೈಯಲ್ಲಿ ಅದೇ ವೆನಿಲ್ಲಾ ಉಳಿದೆಲ್ಲವನ್ನೂ ನುಂಗಿಹಾಕುತ್ತದೆ. ಹೊಸ ಮಡಕೆಯ ಮಣ್ಣಿನ ವಾಸನೆ ಬಳಸುತ್ತ ಹೋದಂತೆ ನೀರಿಗೆ ಹತ್ತದಾಗುವ ಹಾಗೆ ಓಕ್ ಪೀಪಾಯಿಯೂ ಮೂರು-ನಾಲ್ಕು ಸುಗ್ಗಿ ಕಂಡ ಮೇಲೆ ಪರಿಮಳ ಕೊಡುವುದನ್ನು ಬಹುತೇಕ ನಿಲ್ಲಿಸುತ್ತದೆ, ಗಾಳಿಯಾಡಿಸುವ ಗುಣ ಮಾತ್ರ ಉಳಿಯುತ್ತದೆ. ಈ ಕಾರಣದಿಂದಲೇ ಬೋಜೊಲೆಯ ಹೊಸ ವೈನರಿಗಳಲ್ಲಿ ಅನೇಕವು ಬರ್ಗಂಡಿಯ ಹಿರಿಯ ತೋಟಗಳು ಬಳಸಿ ಬಿಟ್ಟ ಪೀಪಾಯಿಗಳನ್ನು ಕೊಳ್ಳುತ್ತವೆ. ಕೆಲವು 500 ಅಥವಾ 600 ಲೀಟರಿನ ದೊಡ್ಡ ಪೀಪಾಯಿಗಳನ್ನು ಆರಿಸಿಕೊಳ್ಳುತ್ತವೆ, ಪೀಪಾಯಿ ದೊಡ್ಡದಾದಷ್ಟೂ ಪ್ರತಿ ಲೀಟರ್ ವೈನಿಗೆ ತಗಲುವ ಮರದ ಮೈ ಕಡಿಮೆ. ಬಾಟಲಿಯ ಮೇಲೆ 'ಓಕ್‌ನಲ್ಲಿ ಹದಗೊಂಡದ್ದು' ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುವವರಿಗೂ ಇಂಥವರಿಗೂ ಇರುವ ಅಂತರವನ್ನು ಲೋಟದಲ್ಲಿ ಗುರುತಿಸುವುದು ಕಷ್ಟವಲ್ಲ.

ಹಳೆಯ ಮರಕ್ಕೆ ತನ್ನದೇ ತೊಡಕುಗಳೂ ಇವೆ. ತಂಪಾದ ನೆಲಮಾಳಿಗೆಯಲ್ಲೂ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಿಂದ ಐದು ಪಾಲಿನಷ್ಟು ಆವಿಯಾಗಿ ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಬಂದು ಕೂತರೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಚಿಗುರುತ್ತದೆ. ಆದ್ದರಿಂದ ಕೆಲಸಗಾರರು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಒಂದೊಂದು ಪೀಪಾಯಿಯ ಬಿರಡೆ ತೆಗೆದು, ಮೂಸಿ, ಅದೇ ವೈನಿನಿಂದ ಕಂಠಮಟ್ಟ ತುಂಬಿ, ಬಾಯಿಯ ಸುತ್ತ ಒರೆಸಿ ಮತ್ತೆ ಮುಚ್ಚುತ್ತಾರೆ. ಮೂಸುವ ಕೆಲಸ ಶಾಸ್ತ್ರಕ್ಕೆ ಮಾಡುವುದಲ್ಲ: ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಮರದ ರಂಧ್ರಗಳಲ್ಲಿ ಅಡಗಿದ್ದು ವೈನಿಗೆ ಕುದುರೆಲಾಯದ ವಾಸನೆ ಹತ್ತಿಸುತ್ತದೆ, ವೈನ್ ಕೆಡದಂತೆ ಹಾಕುವ ಗಂಧಕದ ಡೈಆಕ್ಸೈಡ್ ಬಳಕೆಯನ್ನು ತಗ್ಗಿಸುವ ಈಗಿನ ಒಲವು ಆ ಯೀಸ್ಟಿಗೆ ಅನುಕೂಲವಾಗಿಯೇ ಇದೆ.

ಇಂತಹ ಹೊಸ ತೋಟಗಳಿಗೆ ಒಂದು ನಿದರ್ಶನವಾಗಿ ವಿಲ್ಯೆ-ಮೊರ್ಗೋನ್ ಗ್ರಾಮದಲ್ಲಿ 2013ರಲ್ಲಿ ಆರಂಭವಾದ ಮೀ ಗೊದಾರ್ ಅವರ ವೈನರಿಯನ್ನು ಹೆಸರಿಸಬಹುದು. ಕೊರಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದು, ಅಮೆರಿಕದ ಒರೆಗಾನ್‌ನಲ್ಲೂ ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆಯಲ್ಲೂ ಓದಿದ ಅವರಿಗೆ ವಂಶಪಾರಂಪರ್ಯದ ತೋಟವಿರಲಿಲ್ಲ. ಸುಮಾರು 5 ಹೆಕ್ಟೇರಿನಿಂದ ತೊಡಗಿದ ಅವರು ಮೊರ್ಗೋನಿನ ಕೋತ್ ದ್ಯು ಪೀ, ಕೋರ್ಸಲೆತ್, ಗ್ರಾಂ ಕ್ರಾ ಎಂಬ ಮೂರು ತುಂಡು ನೆಲಗಳ ದ್ರಾಕ್ಷಿಯನ್ನು ಬೆರೆಸದೆ, ಒಂದೊಂದನ್ನೂ ಪ್ರತ್ಯೇಕ ವೈನಾಗಿ ಮಾಡಿ ಓಕ್‌ನಲ್ಲಿ ಬೆಳೆಸುತ್ತಾರೆ. ಒಂದೇ ಊರಿನ, ಒಂದೇ ತಳಿಯ, ಒಂದೇ ಕೈಯ ಮೂರು ವೈನುಗಳು ಬೇರೆ ಬೇರೆಯಾಗಿ ಕಾಣಬೇಕಾದರೆ ಮರ ಹಿನ್ನೆಲೆಯಲ್ಲಿರಲೇಬೇಕು; ಮೂರಕ್ಕೂ ಸುಟ್ಟ ಓಕಿನ ಮುದ್ರೆ ಬಿದ್ದರೆ ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥ.

ಇನ್ನು ಹಣದ ಮಾತು. 5 ಹೆಕ್ಟೇರಿನ ತೋಟ ಹೆಕ್ಟೇರಿಗೆ 40 ಹೆಕ್ಟೋಲೀಟರಿನಂತೆ, ಎಂದರೆ 4,000 ಲೀಟರಿನಂತೆ, ವೈನ್ ಕೊಟ್ಟರೆ ಒಟ್ಟು 20,000 ಲೀಟರ್ ಆಗುತ್ತದೆ. ಅದನ್ನೆಲ್ಲ ಇಡಲು 88 ಪೀಪಾಯಿ ಬೇಕು. ಹೊಸ ಫ್ರೆಂಚ್ ಪೀಪಾಯಿಗೆ 800 ಯೂರೋ ಹಿಡಿದರೂ 70,400 ಯೂರೋಗಳಾಗುತ್ತವೆ, ಹಳೆಯದಾದರೆ ಅದರ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಆದರೂ ಪೀಪಾಯಿಯ ಬೆಲೆಗಿಂತ ಭಾರವಾದದ್ದು ಕಾಲದ ಬೆಲೆ. ಸೆಪ್ಟೆಂಬರಿನಲ್ಲಿ ಕೊಯ್ದ ಹಣ್ಣು ಹತ್ತು-ಹನ್ನೊಂದು ತಿಂಗಳು ಮರದಲ್ಲಿ, ಮುಂದೆ ಕೆಲವು ತಿಂಗಳು ಬಾಟಲಿಯಲ್ಲಿ ಕಳೆದು ಹೊರಬರುವಷ್ಟರಲ್ಲಿ ಮತ್ತೊಂದು ಚಾಟನಿ, ಮತ್ತೊಂದು ಕೊಯ್ಲಿನ ಕೂಲಿ ಕೊಟ್ಟಾಗಿರುತ್ತದೆ. 2016 ಮತ್ತು 2017ರಲ್ಲಿ ಫ್ಲೂರಿ ವಲಯದ ಮೇಲೆ ಎರಡು ವರ್ಷ ಸತತವಾಗಿ ಆಲಿಕಲ್ಲು ಸುರಿದಾಗ ಕೈಯಲ್ಲಿ ಹಳೆಯ ದಾಸ್ತಾನಿಲ್ಲದ ಹೊಸಬರು ಅನುಭವಿಸಿದ ಇಕ್ಕಟ್ಟನ್ನು ಊಹಿಸಬಹುದು. ಬೇಗ ಚಿಗುರುವ ಗಾಮೇಗೆ ವಸಂತದ ಹಿಮವೂ ಶತ್ರು. ಆದ್ದರಿಂದ ಪೀಪಾಯಿ ವೈನಿಗೆ ಹೆಸರಾದ ತೋಟಗಳೂ ಸುಗ್ಗಿಯ ಒಂದು ಪಾಲನ್ನು ಸಿಮೆಂಟ್ ಅಥವಾ ಉಕ್ಕಿನ ತೊಟ್ಟಿಯಲ್ಲೇ ಇಟ್ಟು, ವಸಂತದಲ್ಲೇ ಬಾಟಲಿಗೆ ತುಂಬಿ ಮಾರುವುದುಂಟು. ನಾಡು ನಗುವ 'ಬೇಗದ ವೈನ್' ತಡವಾದ ವೈನಿನ ಸಂಬಳ ಕಟ್ಟುತ್ತದೆ.

ಗಾಮೇ ಇಂದು ಕೆನಡಾದ ನಯಾಗರಾ ಸೀಮೆಯಲ್ಲೂ ಅಮೆರಿಕದ ಒರೆಗಾನ್‌ನಲ್ಲೂ ಆದರದಿಂದ ಬೆಳೆಯುತ್ತಿದೆ. ಕ್ಯಾಲಿಫೋರ್ನಿಯದಲ್ಲಿ ಮಾತ್ರ ದಶಕಗಳ ಕಾಲ 'ನಾಪಾ ಗಾಮೇ' ಎಂದು ಮಾರಿದ್ದು ವಾಲ್ದಿಗ್ಯೆ ಎಂಬ ಬೇರೊಂದು ಫ್ರೆಂಚ್ ತಳಿಯೆಂದೂ 'ಗಾಮೇ ಬೋಜೊಲೆ' ಎಂದು ಮಾರಿದ್ದು ಪಿನೋ ನ್ವಾರ್‌ನ ಒಂದು ಪ್ರಭೇದವೆಂದೂ ತಡವಾಗಿ ಪತ್ತೆಯಾಯಿತು. ನಿಜವಾದ ಗಾಮೇ ಅಲ್ಲಿ ನೆಲೆಯೂರಿದ್ದು ತೀರ ಈಚೆಗೆ.

ನಮ್ಮ ಕರ್ನಾಟಕದ ಕಡೆ ನೋಡಿದರೆ, ಇಲ್ಲಿಯ ವೈನ್ ಉದ್ಯಮಕ್ಕೂ ಫ್ರೆಂಚ್ ನಂಟು ಹಳೆಯದೇ. ನಂದಿಬೆಟ್ಟದ ಮಗ್ಗುಲಲ್ಲಿ ಗ್ರೋವರ್ ಕುಟುಂಬ 1980ರ ದಶಕದಲ್ಲಿ ತೋಟ ಕಟ್ಟಿದ್ದು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆಯಿಂದ, ಅದರ 'ಲಾ ರಿಸರ್ವ್' ಎಂಬ ಕೆಂಪು ವೈನ್ ಓಕ್ ಪೀಪಾಯಿಯಲ್ಲಿ ಬೆಳೆದೇ ಹೆಸರು ಮಾಡಿತು. ಆದರೆ ಅದಕ್ಕೆ ಬಳಸಿದ್ದು ಕ್ಯಾಬರ್ನೆ ಸುವಿನ್ಯೋನ್ ಮತ್ತು ಶಿರಾಜ್. ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲದ, ವರ್ಷಕ್ಕೆರಡು ಸಲ ಚಾಟನಿ ಮಾಡಿ ಒಂದೇ ಬೆಳೆ ತೆಗೆಯುವ ನಮ್ಮ ಹವೆಯಲ್ಲಿ, ಬೇಗ ಮಾಗುವ ಗಾಮೇಯ ಹುಳಿ ಮತ್ತು ಪರಿಮಳ ಉಳಿಯುವುದು ಕಷ್ಟ. ಸೆಖೆಯಲ್ಲಿ ಪೀಪಾಯಿಯ ಆವಿಯೂ ಹೆಚ್ಚುವುದರಿಂದ ಇಲ್ಲಿ ಕೋಣೆಯನ್ನು ತಂಪಾಗಿಡುವ ವಿದ್ಯುತ್ತಿನ ಖರ್ಚು ಬೋಜೊಲೆಯವರಿಗೆ ಇಲ್ಲದ ಇನ್ನೊಂದು ಹೊರೆ.

ಮತ್ತೆ ಬೋಜೊಲೆಗೆ ಬಂದರೆ, ಅಲ್ಲಿ ಪೀಪಾಯಿ ಖಾಲಿ ಮಾಡುವ ದಿನವನ್ನು ಗೊತ್ತುಮಾಡುವುದು ರುಚಿಯೊಂದೇ ಅಲ್ಲ, ಮುಂದಿನ ಸುಗ್ಗಿಯೂ ಹೌದು. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೊಸ ಹಣ್ಣು ಬಾಗಿಲಿಗೆ ಬರುವ ಮುನ್ನ ಪೀಪಾಯಿಗಳು ಬರಿದಾಗಿ, ತೊಳೆದು, ಗಂಧಕದ ಬತ್ತಿ ಉರಿಸಿ ಸಿದ್ಧವಾಗಿರಬೇಕು, ಇಲ್ಲವಾದರೆ ಇನ್ನೊಂದು ಜತೆ ಪೀಪಾಯಿಗೆ ಹಣ ಹೊಂದಿಸಬೇಕು. ಅದಕ್ಕೆ ಮೊದಲು ವೈನ್ ಮಾಡುವವರು ಗಾಜಿನ ಹೀರುಗೊಳವೆ ಹಿಡಿದು ಸಾಲಿನುದ್ದಕ್ಕೂ ಪ್ರತಿ ಪೀಪಾಯಿಯ ರುಚಿ ನೋಡಿ, ಒಂದೇ ದಿನ ತುಂಬಿದ ಒಂದೇ ವೈನ್ ಒಂದೊಂದರಲ್ಲಿ ಒಂದೊಂದು ರೀತಿ ತಿರುಗಿರುವುದನ್ನು ಗುರುತು ಹಾಕಿಕೊಳ್ಳುತ್ತಾರೆ. ಚೆನ್ನಾಗಿರುವುದನ್ನೆಲ್ಲ ದೊಡ್ಡ ತೊಟ್ಟಿಯಲ್ಲಿ ಕೂಡಿಸಿ ಸಮ ಮಾಡುತ್ತಾರೆ, ಮರದ ವಾಸನೆ ಹೆಚ್ಚಾದದ್ದನ್ನು ತೊಟ್ಟಿಯ ವೈನಿಗೆ ಬೆರೆಸಿ ತಗ್ಗಿಸುತ್ತಾರೆ, ಕೆಟ್ಟ ವಾಸನೆ ಹತ್ತಿದ ಪೀಪಾಯಿಯನ್ನು ತೋಟದ ಹೆಸರಿಲ್ಲದೆ ಸಗಟು ವ್ಯಾಪಾರಿಗೋ ಮದ್ಯಸಾರ ಬಟ್ಟಿ ಇಳಿಸುವವರಿಗೋ ಸಾಗಿಸುತ್ತಾರೆ.